ಕಾಲು ಎಂಟು

ಲೈಪ್‌ಜಿಗ್‌ನಲ್ಲಿ, ಟ್ರಾಮು ತಿರುಗುವ ಮೂಲೆಯ ಮೂರನೆಯ ಮಹಡಿಯಲ್ಲಿ
ಬ್ರೇಮೆನ್‌ನಿಂದ ಬಂದ ವೀಬ್ಕೆ
ಯಂತ್ರಕ್ಕೆ ಊಟದ ಮೇಜು ಕಾದಿರಿಸಲು ಕಲಿಸುತ್ತಿದ್ದಾಳೆ.

ಎಷ್ಟು ಜನ, ಯಾವ ದಿನ, ಎಷ್ಟು ಗಂಟೆ, ಯಾರ ಹೆಸರು:
ನಾಲ್ಕು ಖಾನೆ. ನಾಲ್ಕೂ ತುಂಬಿದರೆ ಯಂತ್ರ ‘ಆಯಿತು’ ಅನ್ನುತ್ತದೆ.
ಒಂದೇ ಮಾತಿಗೆ ಅರವತ್ತು ವೇಷ ಹೊಲಿದಿದ್ದಾಳೆ,
‘ಜಾಗ ಇದೆಯಾ’, ‘ಕಿಟಕಿ ಪಕ್ಕ ಆದರೆ ಒಳ್ಳೇದು’,
‘ನಾವಿಬ್ಬರು, ಅಲ್ಲಲ್ಲ, ಮೂವರು’.
ಕೆಮ್ಮಿದರೆ ಕಾಯಬೇಕು.
ನಾಯಿಯನ್ನು ಜನರ ಲೆಕ್ಕಕ್ಕೆ ಹಿಡಿಯಬಾರದು.

ಮಂಗಳವಾರ ಒಂದು ದೂರು.
ಶ್ರೀಮತಿ ರೋಸ್ವಿತಾ ಚೋಖೆ, ವಯಸ್ಸು ಎಪ್ಪತ್ತೊಂಬತ್ತು,
ಕೇಳಿದ್ದು ಕಾಲು ಎಂಟಕ್ಕೆ.
ಯಂತ್ರ ಬರೆದುಕೊಂಡದ್ದು ಎಂಟೂಕಾಲು.
ಕೋಟಿನ ಗುಂಡಿ ಬಿಚ್ಚದೆ, ಒದ್ದೆ ಕೊಡೆಗಳ ಪಕ್ಕ
ಒಂದು ಗಂಟೆ ನಿಂತಿದ್ದರಂತೆ.

ವೀಬ್ಕೆ ಆ ಧ್ವನಿ ತೆರೆದು ಕೇಳಿದಳು. ಮತ್ತೆ ಕೇಳಿದಳು.
ಯಂತ್ರದ ಕಿವಿಯಲ್ಲಿ ದೋಷವಿರಲಿಲ್ಲ.
ಅವಳೇ ಆದರೂ ಹಾಗೇ ಬರೆದುಕೊಳ್ಳುತ್ತಿದ್ದಳು,
ಅವಳ ಊರಿನ ಗಡಿಯಾರಕ್ಕೆ ಈ ಮಾತೇ ಗೊತ್ತಿಲ್ಲ.

ಫೋನು ಮಾಡಿದಳು. ಮುದುಕಿ ಬೈಯಲಿಲ್ಲ.
‘ಏಳು ಹೊಡೆದ ಮೇಲೆ ಏಳು ಎಲ್ಲಿದೆಯಮ್ಮ?
ಎಂಟು ಶುರುವಾಯಿತು.
ಲೋಟಕ್ಕೆ ಸುರಿಯುತ್ತಾ ಹೋಗು,
ಕಾಲು ಎಂಟು, ಅರ್ಧ ಎಂಟು, ಮುಕ್ಕಾಲು ಎಂಟು.
ತುಂಬಿತೋ, ಎಂಟು.’

ಏಳೂಕಾಲು ಅನ್ನುವವರು
ಮುಗಿದುಹೋದದ್ದರ ಬಾಲ ಹಿಡಿದು ನಿಂತವರು.
ಕಾಲು ಎಂಟು ಅನ್ನುವವರು
ಬರುವ ಗಂಟೆಯ ಹೊಸಿಲೊಳಗೆ
ಆಗಲೇ ಒಂದು ಕಾಲಿಟ್ಟವರು.

ಅವಳು ಇದನ್ನು ಹೀಗೆಲ್ಲ ಯೋಚಿಸಲಿಲ್ಲ.
ಎರಡು ಸಾಲು ತಿದ್ದಿದಳು, ತಣ್ಣಗಾದ ಕಾಫಿ ಕುಡಿದು
ಮೈಕಿಗೆ ಬಾಗಿದಳು:
‘ನಾಳೆ, ಕಾಲು ಎಂಟಕ್ಕೆ, ಇಬ್ಬರಿಗೆ.’
ಯಾರ ಹೆಸರಿಗೆ?
ನಾಲಿಗೆಯ ತುದಿಯಲ್ಲಿದ್ದದ್ದು ಒಂದೇ ಹೆಸರು.
‘ಚೋಖೆ.’
ಯಂತ್ರ ಒಂದು ಕ್ಷಣ ಉಸಿರು ಹಿಡಿದಂತೆ ಸುಮ್ಮನಿದ್ದು,
‘ಜೋಕೆ ಅವರಿಗೆ, ಏಳು ದಾಟಿ ಹದಿನೈದಕ್ಕೆ, ಆಯಿತು’ ಅಂದಿತು.

ಆಮೇಲೆ ನೋಡಿದಳು,
ಪರೀಕ್ಷೆಯ ತಂತಿಯಲ್ಲ ಅದು, ನಿಜದ್ದು.
ಕೆಳಗೆ ಬೀದಿಯಾಚೆ ಹೋಟೆಲಿನ ಡೀಟ್ಮಾರ್
ಪೆನ್ಸಿಲನ್ನು ನಾಲಿಗೆಗೆ ತಾಗಿಸಿ
ಪುಸ್ತಕದಲ್ಲಿ ಏನೋ ಬರೆಯುತ್ತಿದ್ದ.

‘ಬೇಡ, ರದ್ದು ಮಾಡಿ’ ಅನ್ನುವುದಕ್ಕೆ
ಅವಳಿನ್ನೂ ಒಂದು ವೇಷವನ್ನೂ ಹೊಲಿದಿರಲಿಲ್ಲ.
ಫೋನು ಕೈಗೆತ್ತಿಕೊಂಡಳು.
ಡೀಟ್ಮಾರನಿಗಲ್ಲ.