ಹದಿನಾಲ್ಕನೆಯ ತಿರುವು

ಕಣ್ಣು ಮುಚ್ಚು, ಅನ್ನುತ್ತೇನೆ. ಮುಚ್ಚುತ್ತಾಳೆ.
ಕುರ್ಚಿಯ ಅಂಚಿಗೆ ಸರಿದು, ಬೆನ್ನು ಹಿಂದಕ್ಕೆ ಚೆಲ್ಲಿ,
ಬಲ ಅಂಗೈಯನ್ನು ಗಾಳಿಯಲ್ಲಿ ಮೀನಿನಂತೆ ಚಾಚಿ
ಸೆಲ್ಗಾ ಜಾರತೊಡಗುತ್ತಾಳೆ,
ಸಿಗುಲ್ಡಾ ಊರಿನ ಈ ಎರಡನೇ ಮಹಡಿಯ ಕೋಣೆಯಲ್ಲಿ,
ಬಿಸಿನೀರಿನ ಕೊಳವೆ ಟಿಕ್ಕೆನ್ನುವ ಗೋಡೆಯ ಪಕ್ಕ.

ಸ್ಲೆಡ್ಡಿನ ಮೇಲೆ ಅಂಗಾತ ಮಲಗಿ ಹಿಮದ ಹಾದಿ ಇಳಿಯುವ ಆಟ.
ಹದಿನಾರು ತಿರುವು. ಅವಳಿಗೆ ಹದಿನೈದು ವರ್ಷ.
ನನ್ನ ಕೈಯಲ್ಲಿ ಗಡಿಯಾರ, ಅವಳ ಕೈಯಲ್ಲಿ ಇಡೀ ಗುಡ್ಡ.
ಮೊದಲ ತಿರುವಿಗೆ ಅಂಗೈ ಎಡಕ್ಕೆ ವಾಲುತ್ತದೆ,
ಆರರಲ್ಲಿ ಭುಜ ಅಷ್ಟೇ ಅಷ್ಟು ಕುಗ್ಗುತ್ತದೆ,
ಒಂಬತ್ತರಲ್ಲಿ ಉಸಿರು ಒಳಗೇ ಉಳಿಯುತ್ತದೆ.
ಹದಿನಾಲ್ಕಕ್ಕೆ ಬಂದು
ಕೈ ನಿಲ್ಲುತ್ತದೆ.
ಗಡಿಯಾರ ನಿಲ್ಲುವುದಿಲ್ಲ.

ಹೊರಗೆ ಕಾಯುವವರು ಮೂವರು.
ತರಬೇತುದಾರ ಆರ್ವಿಸ್‌ಗೆ ಬೇಕಾದದ್ದು ತಾರೀಕು:
"ಫೆಬ್ರವರಿಗೆ ಆಗುತ್ತಾಳಾ, ಇಲ್ಲವಾ?"
ಬಡಗಿಯ ಹತ್ತಿರ ಬಾಗಿಲು ಕೇಳಿದ ಹಾಗೆ.
ಸಂಘದ ಕಾರ್ಯದರ್ಶಿಗೆ ಎರಡು ಪುಟದ ವರದಿ.
ತಾಯಿಗೆ ಏನು ಬೇಕೋ ತಾಯಿಗೇ ಗೊತ್ತಿಲ್ಲ;
ಮಡಿಲಲ್ಲಿ ಹೆಲ್ಮೆಟ್ಟು ಇಟ್ಟುಕೊಂಡು
ಅದರ ಗಾಜನ್ನು ತೋಳಿನ ತುದಿಯಿಂದ ಒರೆಸುತ್ತಾಳೆ,
ಒರೆಸಿದ್ದನ್ನೇ ಒರೆಸುತ್ತಾಳೆ.

ನನ್ನ ಚೀಲದಲ್ಲಿ ಎಲ್ಲ ಹತ್ಯಾರೂ ಇವೆ.
ನಾಲ್ಕೆಣಿಸಿ ಎಳೆದು ಆರೆಣಿಸಿ ಬಿಡುವ ಉಸಿರು,
"ಬೀಳಬೇಡ"ದ ಜಾಗಕ್ಕೆ "ಭುಜ ಒತ್ತು" ಎಂದು ಬರೆದ ಚೀಟಿ,
ಭಯಕ್ಕೊಂದು ಹೆಸರಿಟ್ಟು ಪಕ್ಕದಲ್ಲಿ ಕೂರಿಸುವ ಉಪಾಯ.
ಸುಳ್ಳಲ್ಲ ಇವು. ಎಷ್ಟೋ ಮಕ್ಕಳನ್ನು ದಾಟಿಸಿವೆ.
ನಾಲ್ಕು ವಾರ ಒಂದೊಂದಾಗಿ ಹೊರತೆಗೆದೆ.
ಸೆಲ್ಗಾ ಒಳ್ಳೆಯ ಹುಡುಗಿ, ಎಲ್ಲವನ್ನೂ ಮಾಡಿದಳು,
ನನ್ನ ಮನಸ್ಸು ನೋಯಬಾರದೆಂದು ಮಾಡಿದಳು.
ಮತ್ತೆ ಹದಿನಾಲ್ಕು. ಮತ್ತೆ ನಿಂತ ಕೈ.

ಐದನೇ ವಾರ, ಯಾಕೋ, ನನಗೂ ಸಾಕಾಗಿತ್ತು.
ದಾಟು ಅನ್ನಲಿಲ್ಲ.
ಅಲ್ಲೇ ಇರು, ಅಂದೆ. ಏನಿದೆ ಅಲ್ಲಿ?

ಬಹಳ ಹೊತ್ತು. ಕೊಳವೆ ಟಿಕ್ಕೆಂದಿತು.
"ಏನೂ ಇಲ್ಲ," ಎಂದಳು ಕಣ್ಣು ತೆರೆಯದೆ.
"ಸ್ಲೆಡ್ಡು ನನ್ನನ್ನು ಬಿಟ್ಟು ತಾನೇ ಕೆಳಗೆ ಹೋಯಿತು.
ಬೆನ್ನಡಿ ಮಂಜುಗಡ್ಡೆ. ಮೇಲೆ ತಗಡಿನ ಸೂರು, ಅದರಲ್ಲೊಂದು ಗುಬ್ಬಿ.
ಯಾರೂ ನನ್ನ ಸಮಯ ಕೂಗಲಿಲ್ಲ.
ಆಮೇಲೆ ಕೊರಳೆಲುಬು ಕೂಡುವ ತನಕ ಆರು ವಾರ
ಅಮ್ಮ ನನ್ನ ಜಡೆ ಹೆಣೆದಳು.
ಏಳು ತುಂಬಿದ ಮೇಲೆ ಅದೇ ಮೊದಲು."

ನಾನು ಪೆನ್ನು ಕೆಳಗಿಟ್ಟೆ.
ಹೆದರಿಕೆ ಎಂದು ನಾವೆಲ್ಲ ಕರೆಯುತ್ತಿದ್ದದ್ದು
ಅವಳಿಗೆ ಮೂರು ಸೆಕೆಂಡಿನ ರಜೆ.
ಆ ರಜೆಯನ್ನು ವಾಸಿಮಾಡಲು ನನಗೆ ಸಂಬಳ.

ನಾನೂ ಒಂದು ಕಾಲಕ್ಕೆ ಇದೇ ಗುಡ್ಡ ಇಳಿದವಳು.
ಮೊಣಕೈಯಲ್ಲಿ ಇನ್ನೂ ಒಂದು ತಿರುಪಿದೆ, ಚಳಿ ಬಂದರೆ ಮಾತಾಡುತ್ತದೆ.
ನಮಗೆ ಆಗ ಸಿಕ್ಕಿದ್ದ ಸಲಹೆ ಒಂದೇ: ಹಲ್ಲು ಕಚ್ಚು.
ಕಚ್ಚಿದೆವು. ಕೆಲವರು ಇನ್ನೂ ಬಿಟ್ಟಿಲ್ಲ.

ವರದಿ ಒಂದೇ ಸಾಲಾಯಿತು: ಫೆಬ್ರವರಿ ಇಲ್ಲ.
ಆರ್ವಿಸ್ ಬಾಗಿಲನ್ನು ಬಡಿದು ಹೋದ.
ತಾಯಿ ಹೆಲ್ಮೆಟ್ಟನ್ನು ನೆಲಕ್ಕಿಟ್ಟಳು.

ಮೇ ತಿಂಗಳು. ಹಿಮ ಕಳಚಿದ ಹಾದಿ ಬರೀ ಕಾಂಕ್ರೀಟು,
ನೀರು ಬಿಡದ ಕಾಲುವೆಯ ಹಾಗೆ.
ಬೂಟು ಕೈಯಲ್ಲಿ ಹಿಡಿದು ಇಬ್ಬರೂ ಮೇಲಿಂದ ನಡೆದು ಬಂದೆವು,
ಗಂಟೆಗೆ ನೂರರ ವೇಗದಲ್ಲಿ ಅವಳು ಕಂಡೇ ಇರದ
ಬಿರುಕು, ಪಾಚಿ, ಹಳೆಯ ಬಣ್ಣದ ಕಲೆ ನೋಡುತ್ತ.
ಹದಿನಾಲ್ಕರಲ್ಲಿ ಗೋಡೆಗೆ ಬೆನ್ನು ಕೊಟ್ಟು ಕೂತೆವು.
ಬಿಸಿಲಿಗೆ ಬೆಚ್ಚಗಿತ್ತು. ಕಪ್ಪು ರೊಟ್ಟಿ, ಬೆಣ್ಣೆ, ಉಪ್ಪು ಸವರಿದ ಸೌತೆ.
ಒಂದು ಬಸವನಹುಳು ತಿರುವನ್ನು ಹತ್ತುತ್ತಿತ್ತು.
"ಗೆರೆ ತಪ್ಪಿದೆ. ಅವಸರಪಟ್ಟು ಒಳಗೆ ನುಗ್ಗಿದೆ," ಅಂದಳು ಸೆಲ್ಗಾ.
ನಕ್ಕಳೋ ಇಲ್ಲವೋ, ಬಾಯಿ ತುಂಬಿತ್ತು.

ಮತ್ತೆ ಜಾರುತ್ತೀಯಾ ಅಂತ ನಾನು ಕೇಳಲಿಲ್ಲ.
ಅವಳೂ ಹೇಳಲಿಲ್ಲ.
ಬೆಣ್ಣೆಯಂಟಿದ ಬಲಗೈ ಮಾತ್ರ
ಹದಿನೈದರ ಕಡೆಗೆ ಒಂದಿಷ್ಟು ವಾಲಿದ್ದನ್ನು
ನೋಡದ ಹಾಗೆ ನೋಡಿದೆ.

ಮನೆಗೆ ಬಂದು ಕೋಟಿನ ಜೇಬು ತಡಕಿದರೆ
ಗಡಿಯಾರ ಇನ್ನೂ ಓಡುತ್ತಿತ್ತು.
ಅಭ್ಯಾಸಬಲ, ಮೇಲೆ ಹೊರಟಾಗಲೇ ಒತ್ತಿಬಿಟ್ಟಿದ್ದೆ.
ಮೂರು ಗಂಟೆ ಹನ್ನೆರಡು ನಿಮಿಷ.
ಮೇಜಿನ ಮೇಲೆ ಹಾಗೇ ಇಟ್ಟು
ಚಹಾಕ್ಕೆ ನೀರಿಟ್ಟೆ.