ಬಂದೆ

ಶಿಡ್ಲಘಟ್ಟದಲ್ಲಿ ಗೂಡು ಅಂದರೆ
ರೇಷ್ಮೆಗೂಡು. ಹಕ್ಕಿಯದು ಆಮೇಲೆ ನೆನಪಾಗುತ್ತೆ.
ಆ ದಿನ ಹರಾಜಿನ ಮೂಟೆ ಬಂದಿತ್ತು,
ಬೇಸಿನ್ನಿನ ನೀರು ಕುದಿಯುತ್ತಿತ್ತು,
ಹೊಗೆಕೊಳವಿಯ ಪಕ್ಕದ ತೂತಿನಿಂದ ಬಿತ್ತು:
ಪುಕ್ಕವಿಲ್ಲದ್ದು, ಕಣ್ಣು ಬಿಡದ್ದು,
ಮೈಗಿಂತ ಬಾಯಿಯೇ ದೊಡ್ಡದು.

ಗೊರವಂಕ, ಅಂದಳು ನೂರುನ್ನೀಸಾ,
ಎಳೆಯ ತುದಿ ಹುಡುಕುವ ಕೈ ನಿಲ್ಲಿಸದೆ.
ಮಾತು ಕಲಿಯುತ್ತೆ. ಬಿಡಬೇಡ.

ಎಳೆ ಬಿಚ್ಚಿ ಉಳಿದ ಹುಳು, ಬೆಂದದ್ದು, ಕಂದುಬಣ್ಣದ್ದು,
ಹೊರಗಿನವರು ಮೂಗು ಮುಚ್ಚುವ ಆ ವಾಸನೆಯದ್ದು,
ಕಡ್ಡಿಯ ತುದಿಗೆ ಸಿಕ್ಕಿಸಿ ಗಂಟಲಿಗಿಟ್ಟೆ.
ಗಂಟೆಗೊಂದು. ನಡುವೆ ಕಡಲೆಕಾಳಿನಷ್ಟು ಮುದ್ದೆ.
ಸಸಿ ಹಂಚಲು ಬಂದ ಅರಣ್ಯದ ಗಾರ್ಡು
ಕಾಡುಹಕ್ಕಿ ಸಾಕಂಗಿಲ್ಲಮ್ಮ, ಕೇಸಾಗುತ್ತೆ, ಅಂದ.
ಇಲ್ಲೆಲ್ಲಿ ಸ್ವಾಮಿ ಕಾಡು?
ನಮ್ಮ ಹೊಗೆ ಕುಡಿದೇ ಹುಟ್ಟಿದ್ದು ಇದು, ಅಂದೆ.
ನಕ್ಕ. ಟೀ ಕುಡಿದು ಹೋದ.

ಅತ್ತೆ ಅಕ್ಕಯ್ಯಮ್ಮ ದಿನಾ ಸಂಜೆ ಪಂಜರದ ಮುಂದೆ
ರಾಮಾ ಅನು, ರಾಮಾ ಅನು.
ಅವರದು ತೆಲುಗು, ನನ್ನದು ಕನ್ನಡ,
ಅನು ಅನ್ನೋದು ಎರಡಕ್ಕೂ ಒಂದೇ.
ನೂರುನ್ನೀಸಾ ಸಲಾಂ ಕಲಿಸಿದಳು.
ಗಲ್ಲಿಯ ಹುಡುಗರು ಕಲಿಸಿದ್ದನ್ನು ಇಲ್ಲಿ ಬರೆಯಲಾರೆ.
ಒಂದನ್ನೂ ಅನ್ನಲಿಲ್ಲ.
ಹಳದಿಯಂಚಿನ ಕಣ್ಣು ಓರೆಮಾಡಿ ಕೇಳಿಸಿಕೊಳ್ಳುತ್ತಿತ್ತು,
ಬಡ್ಡಿ ಲೆಕ್ಕ ಕೇಳುವ ಸಾಹುಕಾರನ ಹಾಗೆ.

ನವರಾತ್ರಿ ಕಳೆದು ಒಂದು ಮಧ್ಯಾಹ್ನ
ಮಾಳಿಗೆಯ ಮೇಲೆ ಹುಳು ಒಣಹಾಕುತ್ತಿದ್ದೆ.
ಕೆಳಗಿಂದ ಯಜಮಾನರು ಏಯ್ ಅಂದರು.
ನಾನು ಬಾಯಿ ತೆರೆಯುವ ಮೊದಲೇ
ಬಂದೇ!

ನನ್ನ ದನಿ. ಕೊನೆಗೆ ಸ್ವಲ್ಪ ಏರಿ
ಅರ್ಧಕ್ಕೆ ಮುರಿಯುವುದೂ ಸೇರಿ ನನ್ನದೇ.
ನಾನು ಹಾಗೆ ಕೂಗುತ್ತೇನೆಂದು
ಇಪ್ಪತ್ತೆರಡು ವರ್ಷ ಗೊತ್ತಿರಲಿಲ್ಲ.

ಮರುದಿನ ಎಣಿಸಿದೆ. ದೀಪ ಹಚ್ಚುವಷ್ಟರಲ್ಲಿ
ನಲವತ್ತೊಂದು ಸಲ ಬಂದೆ ಅಂದಿದ್ದೆ,
ಕಾಫಿಗೆ, ಕೀಲಿಕೈಗೆ, ಸೌದೆಗೆ, ಅತ್ತೆಯ ಮಂಡಿಯ ಎಣ್ಣೆಗೆ.
ಹೊರಡುವ ಮುಂಚೆಯೇ ಬಂದೆ ಅನ್ನುತ್ತೇವಲ್ಲ,
ಆ ವಿಚಿತ್ರ ವ್ಯಾಕರಣವನ್ನು
ಹಕ್ಕಿ ತಪ್ಪಿಲ್ಲದೆ ಕಲಿತಿತ್ತು.

ಆಮೇಲೆ ನಾನು ಸುಮ್ಮನಾದೆ.
ಅವರು ಏಯ್ ಅನ್ನುವುದು, ಅದು ಬಂದೇ ಅನ್ನುವುದು,
ನಾನು ನೀರಿನ ತೊಟ್ಟಿಯ ನೆರಳಲ್ಲಿ ಕಾಲು ಚಾಚಿ
ಬಿಸಿನೀರಿಗೆ ನೆನೆದು ಬಿಳಿಚಿಕೊಂಡ ಬೆರಳು ಒಣಗಿಸುತ್ತ
ದೂರದ ನಂದಿಬೆಟ್ಟ ನೋಡುವುದು.
ಚೆನ್ನಾಗಿತ್ತು. ಒಂದು ತಿಂಗಳು ಯಾರಿಗೂ ತಿಳಿಯಲಿಲ್ಲ.
ಬಂದೆ ಅಂದರೆ ಸಾಕು,
ಬಂದ ಹಾಗೆಯೇ ಅಂದುಕೊಳ್ಳುವ ಮನೆ.

ನಾನು ಮೇಲಿದ್ದಾಗ ಪಂಜರದ ಬಾಗಿಲು ಹಾಕುತ್ತಿರಲಿಲ್ಲ.
ಕರೆಂಟು ತಂತಿಯ ಮೇಲೆ ಬೇರೆ ಗೊರವಂಕಗಳು
ದಿನಾ ಬಂದು ಜಗಳವಾಡಿ ಹೋಗುತ್ತಿದ್ದವು.
ಅವತ್ತು ಅದರಲ್ಲೊಂದು ಏನೋ ಅಂದಿತು.
ತೆಲುಗಲ್ಲ, ಕನ್ನಡವಲ್ಲ, ನೂರುನ್ನೀಸಾಳದೂ ಅಲ್ಲ.
ಬಂದೇ, ಅಂತ ಇದು ಹಾರಿತು.
ನಮ್ಮಲ್ಲಿ ಹೋಗುವವರು ಬರ್ತೀನಿ ಅಂತಾರೆ.
ಇದು ಬಂದೆ ಅಂತ ಹೋಯಿತು.

ಕೆಳಗಿಂದ ಏಯ್.
ಇನ್ನೊಮ್ಮೆ.
ನನ್ನ ಗಂಟಲಿಗೆ ಆ ಮಾತಿನ ತುದಿ ಸಿಗಲಿಲ್ಲ.
ಮತ್ತೊಮ್ಮೆ. ಆಮೇಲೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದು.
ಮಾಳಿಗೆ ಕಟ್ಟಿಸಿದ ಮೇಲೆ ಅವರು ಹತ್ತಿದ್ದು ಅದೇ ಮೊದಲು.
ಏದುಸಿರು ಬಿಡುತ್ತ ಖಾಲಿ ಪಂಜರ ನೋಡಿದರು.
ಒಣಗುತ್ತಿದ್ದ ಹುಳು ನೋಡಿದರು.
ಎಲ್ಲಿ? ಅಂದರು.

ಯಾರನ್ನು ಅಂತ ನಾನು ಕೇಳಲಿಲ್ಲ.
ಕೂತ್ಕೊಳ್ಳಿ, ನೆರಳಿದೆ, ಅಂದೆ,
ಸ್ವಲ್ಪ ಜರುಗಿ.