ರೈಲು ಹೋಗಲಿ

ಲಿಂಗರಾಜಪುರ, ಎರಡನೇ ಮಹಡಿ, ಜೆಸಿಂತಾಳ ಮರದ ಬೀರು.
ಅವಳಜ್ಜಿಯ ಎರಡು ಕಂಬಳಿ, ನನ್ನದೊಂದು ರಜಾಯಿ,
ನಡುವೆ ಕಂತಿನ ಮೈಕು.
ಬಾಗಿಲು ತೆಗೆದು ಇಬ್ಬರೂ ತಲೆ ಒಳಗಿಟ್ಟರೆ
ಅದೇ ನಮ್ಮ ಪಾಡ್‌ಕ್ಯಾಸ್ಟಿನ ಸ್ಟುಡಿಯೋ.
ನುಸಿಗುಳಿಗೆಯ ಘಾಟಿಗೆ ಸಂಚಿಕೆಗೊಂದು ಸೀನು ಕಡ್ಡಾಯ.

ಒಂಬತ್ತು ನಲವತ್ತಕ್ಕೆ ಗೂಡ್ಸು ಬರುತ್ತದೆ.
ಮೊದಮೊದಲು ಬಯ್ಯುತ್ತಿದ್ದೆವು. ಈಗ ಅವಳು ಬೆರಳೆತ್ತಿ
‘ರೈಲು ಹೋಗಲಿ’ ಎನ್ನುತ್ತಾಳೆ. ಮಾತು ಅರ್ಧಕ್ಕೆ ನಿಂತು
ಡಬ್ಬಿ ಎಣಿಸುತ್ತೇವೆ. ನಲವತ್ತೊಂದು. ಒಮ್ಮೆ ಐವತ್ತೆಂಟು.
ಅದನ್ನು ಕತ್ತರಿಸಿ ಹಾಕಿದ ವಾರ
ಮಾಲೂರಿನ ಹುಡುಗನೊಬ್ಬ ಕೇಳಿದ: ಈ ಸಲ ರೈಲು ಯಾಕೆ ಬರಲಿಲ್ಲ?
ನಮ್ಮನ್ನು ಕೇಳುವವರು ಇನ್ನೂರ ಹದಿಮೂರು ಜನ.
ಅವರಲ್ಲೊಬ್ಬನಿಗೆ ರೈಲು ಬೇಕು.

ಹಗಲು ನಾನು ಕಮ್ಮನಹಳ್ಳಿಯ ಲ್ಯಾಬಿನಲ್ಲಿ ರಕ್ತ ತೆಗೆಯುವವನು.
ಮುಷ್ಟಿ ಬಿಗಿಹಿಡಿಯಿರಿ ಎನ್ನುತ್ತೇನೆ, ಬಿಡಿ ಎನ್ನುತ್ತೇನೆ.
ರಾತ್ರಿ, ಯಾವುದೋ ಅನಿಮೆಯ ಹುಡುಗಿ
ಶತ್ರುವಿನ ಹೆಸರಿಗಂಟಿದ ಮರ್ಯಾದೆಯ ಬಾಲ ಕಳಚಿ ಕರೆದಳಲ್ಲ,
ಅದು ಸಿಟ್ಟೋ ಸಲುಗೆಯೋ ಎಂದು
ಐವತ್ತು ನಿಮಿಷ ಜಗಳವಾಡುತ್ತೇನೆ.
‘ನೀನು ಅಂದಳು, ಅಂದರೆ ಒಪ್ಪಿಕೊಂಡಳು’ ಇದು ನಾನು.
‘ನೀನು ಅಂದ್ರೆ, ಹೊಡೆಯೋಕೆ ಹತ್ರ ಬಂದಳು’ ಇದು ಜೆಸಿಂತಾ.
ಪರದೆಯಡಿಯ ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ ಪದ.
ಇದನ್ನೆಲ್ಲ ಕನ್ನಡದಲ್ಲಿ ಯಾಕಪ್ಪಾ ಎಂದವರಿಗೆ
ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ.

ಡಿಸೆಂಬರಿನ ಮೇಳ. ವೈಟ್‌ಫೀಲ್ಡಿನಾಚೆ
ವಿಮಾನ ನಿಲ್ಲಿಸುವಷ್ಟು ದೊಡ್ಡ ಶೆಡ್ಡು.
ನೇರಳೆ ಮೆಟ್ರೋ ತುಂಬ ಕತ್ತಿ, ಕೊಂಬು, ನೀಲಿ ಕೂದಲು.
ಬೈಯಪ್ಪನಹಳ್ಳಿಯಲ್ಲಿ ತಪಾಸಣೆಯವನು ಕೊಡಲಿಯೊಂದನ್ನು
ಹೆಬ್ಬೆರಳಲ್ಲಿ ಒತ್ತಿ ನೋಡಿ, ‘ಸ್ಪಂಜು’ ಎಂದು ನಕ್ಕು ಬಿಟ್ಟ.
ನಮ್ಮ ಕೊರಳಲ್ಲಿ ‘ಪ್ರೆಸ್’ ಪಟ್ಟಿ.
ಜೆಸಿಂತಾಳ ಹೆಸರು ತಪ್ಪಾಗಿ ಅಚ್ಚಾಗಿತ್ತು, ಆದರೂ
ಅದು ಮಗುಚಿದಾಗಲೆಲ್ಲ ತಿರುಗಿಸಿ ಸರಿಮಾಡಿಕೊಳ್ಳುತ್ತಿದ್ದಳು.

ಮುಖ್ಯ ಅತಿಥಿ ಹೇಳಿದ್ದನ್ನೇ ಹೇಳಿದ.
ಸ್ಪರ್ಧೆಯ ಮೈಕು ಕಿರುಚಿತು.
ರಾಕ್ಷಸನೊಬ್ಬ ಮೊಸರನ್ನದ ಡಬ್ಬಿ ತೆರೆಯಲಾರದೆ
ತನ್ನ ಉಗುರುಗಳನ್ನು ಒಂದೊಂದೇ ಕಿತ್ತು ನನ್ನ ಅಂಗೈಲಿಟ್ಟ.

ಆಮೇಲೆ, ಶೌಚಾಲಯದ ಸಾಲಿನ ಪಕ್ಕ, ಗೋಡೆಗೊರಗಿ
ಜೇಬಿನ ಅಂಚಿಗೆ ಸೂಜಿದಾರ ಚುಚ್ಚಿಕೊಂಡಿದ್ದ ಮನುಷ್ಯ.
ನಾಮದೇವರಾವ್ ಪುಕಾಳೆ. ಕಬ್ಬನ್‌ಪೇಟೆಯಲ್ಲಿ
ಮದುವೆ ಬ್ಯಾಂಡಿನವರ ಕೋಟು ಹೊಲಿಯುವವರು.
ಮಗಳು ಮಂದಾಕಿನಿ, ಇವತ್ತು ಏಳಡಿ ರೆಕ್ಕೆಯ ರಾಣಿ.

‘ಯಾವ ಪಾತ್ರ?’ ಮೈಕು ಚಾಚಿದೆ.
‘ಹೆಸರು ಬಾಯಿಗೆ ಬರಲ್ಲ ಸರ್. ಅಳತೆ ಬೇಕಾದ್ರೆ ಕೇಳಿ.’
ಭುಜ ಹದಿನಾಲ್ಕು. ತೋಳು ಇಪ್ಪತ್ತೊಂದೂವರೆ.
ಒಂದೊಂದು ರೆಕ್ಕೆಗೂ ಮೂರೂಕಾಲು ಮೀಟರು ಸ್ಯಾಟಿನ್,
ಒಳಗೆ ಛತ್ರಿ ಕಡ್ಡಿ.
‘ನಿಲ್ಸಿ ನಿಲ್ಸಿ ನೋಡಿದೆ. ಬಿಡಿಸಿದವರು
ಹೊಲಿಗೆ ಎಲ್ಲಿ ಬರ್ತದೆ ಅಂತ ಯೋಚನೇನೇ ಮಾಡಿಲ್ಲ.
ಒಂದು ಗುಂಡಿ ಇಲ್ಲ ಸರ್! ಆಯಮ್ಮ ಹಾಕ್ಕೊಳ್ಳೋದಾದ್ರೂ ಹೇಗೆ?’
ಬೆನ್ನಿಗೆ ಹನ್ನೊಂದು ಹುಕ್ಕು, ಇವರೇ ಇಟ್ಟದ್ದು, ಕಾಣದಂತೆ.

ಅಷ್ಟರಲ್ಲಿ ಅವಳು ಬಂದಳು, ಬಾಗಿಲಲ್ಲಿ ಓರೆಯಾಗಿ ತೂರಿ.
ಬೆಳಗಿನಿಂದ ಕೂತಿಲ್ಲವಂತೆ.
ಹುಕ್ಕು ಬಿಚ್ಚಿ, ರೆಕ್ಕೆಗಳನ್ನಿಳಿಸಿ,
ಒಣಗಿದ ಸೀರೆಯ ಹಾಗೆ ತೋಳಿಗೆ ಹಾಕಿಕೊಂಡು
‘ಕೂತ್ಕೊಳ್ಳಿ’ ಎಂದರು ಪುಕಾಳೆ. ‘ನೀರು ಕುಡೀರಿ.’

ಮಗಳಿಗೋ. ರಾಣಿಗೋ. ತಮಾಷೆಗೋ.

ಈಗ ರಾತ್ರಿ. ಆ ಎರಡು ಸೆಕೆಂಡನ್ನು
ಹಿಂದಕ್ಕೆ ಮುಂದಕ್ಕೆ ಎಳೆಯುತ್ತ ಕೂತಿದ್ದೇನೆ.
ಮುಖ್ಯ ಅತಿಥಿ ನಾಲ್ಕು ನಿಮಿಷಕ್ಕಿಳಿದಿದ್ದಾನೆ.
ಜೆಸಿಂತಾ ನನ್ನ ಒಂದು ಕಿವಿಯ ಹೆಡ್‌ಫೋನು ಕಿತ್ತು ಕೇಳಿದಳು.
ಇನ್ನೊಮ್ಮೆ, ಎಂದಳು.
‘ಸಲುಗೆ,’ ಎಂದಳು. ‘ಬಹುವಚನದಲ್ಲೇ.’

ನಾನೇನೋ ಹೇಳಲು ಬಾಯಿ ತೆರೆದೆ,
ಅವಳು ಬೆರಳೆತ್ತಿದಳು.

ಹನ್ನೆರಡು, ಹದಿಮೂರು, ಹದಿನಾಲ್ಕು